ಚಂದ್ರಿಯ ಹಣೆ

"ಗಟ್ಟಿಯಾಗಿ ಹಿಡ್ಕಳ್ರಿ. ಕಣ್ಣಿಗೆ ಬಿದ್ರೆ ಎಮ್ಮೆ ಕುರುಡಾಗ್ತತೆ," ಎನ್ನುತ್ತ ಮೈಲಮ್ಮ ಹಲ್ಲುಜ್ಜುವ ಹಳೆಯ ಬ್ರಷ್ಷನ್ನು ಬಟ್ಟಲಿಗೆ ಅದ್ದಿದಳು. ಬಟ್ಟಲಿನಲ್ಲಿ ಇದ್ದದ್ದು ಅವಳ ಗಂಡ ಮಾರಣ್ಣ ವಾರಕ್ಕೊಮ್ಮೆ ಮೀಸೆಗೆ ಹಚ್ಚುವ ಡೈ. ಆ ಮೀಸೆಯೇನು ಅಂತಿಂಥದ್ದಲ್ಲ. ಅದರ ಎರಡು ತುದಿಗೆ ಹಗ್ಗ ಬಿಗಿದು ಅವರ ಊರು ಆನೆಕೊಂಡದ ಮಕ್ಕಳೆಲ್ಲ ಜೋಕಾಲಿ ಆಡಬಹುದಿತ್ತು. ಆದರೆ ಇವತ್ತು ಇಡೀ ಪೊಟ್ಟಣ ಚಂದ್ರಿ ಎಂಬ ಎಮ್ಮೆಯ ಹಣೆಗೆ.

ಆ ಹಣೆಯ ಮೇಲೆ ಬಿದಿಗೆ ಚಂದ್ರನಂಥ ಬಿಳಿ ಮಚ್ಚೆ. ಕರೆಂಟು ಹೋದ ರಾತ್ರಿ ಓಣಿಯ ಹೆಂಗಸರು ಅದರ ಬೆಳಕಿನಲ್ಲಿ ಅಕ್ಕಿ ಆರಿಸುತ್ತಿದ್ದರು ಎಂದು ಮಾರಣ್ಣ ಹೇಳುತ್ತಿದ್ದ. ಅಲ್ಲವೆಂದು ಸಾಧಿಸಲು ಇವತ್ತಿನವರೆಗೆ ಯಾರೂ ಮುಂದೆ ಬಂದಿಲ್ಲ. ಇನ್ನು ಹಾಲಂತೂ, ಅವಳು ತೊರೆ ಬಿಟ್ಟ ದಿನ ಹರಿಹರದ ಸೇತುವೆಯ ಕೆಳಗೆ ಹೊಳೆ ಬೆಳ್ಳಗೆ ಹರಿಯುತ್ತಿತ್ತು.

ಈ ಬಡಾಯಿಯೇ ಅವನನ್ನು ಠಾಣೆಯ ಮೆಟ್ಟಿಲು ಹತ್ತಿಸಿತು. ಹರಿಹರದ ಒಂದು ಸಹಕಾರ ಸಂಘ ಎಮ್ಮೆ ಕೊಳ್ಳಲು ಸಾಲ ಕೊಡುತ್ತಿತ್ತು. ಕೊಂಡ ಎಮ್ಮೆಯ ಪಕ್ಕ ಸಾಲಗಾರ ನಿಂತ ಫೋಟೋ ಕೇಳುತ್ತಿತ್ತು. ಎಮ್ಮೆಯನ್ನೇ ಕೊಳ್ಳದವರಿಗೂ ಸಾಲ ಮಾಡಿಸಿಕೊಡುವ ಅಶ್ವಥ್ ಎಂಬ ದಲ್ಲಾಳಿ ಒಂದು ದಿನ ಬಂದು, "ನಿಮ್ ಚಂದ್ರಿ ನಿಂತ್ರೆ ಫೋಟೋಕ್ಕೇ ಒಂದು ಕಳೆ ಮಾರಣ್ಣ, ಹೀರೋಯಿನ್ನು ಕಂಡಂಗೆ" ಅಂದ. ಅಷ್ಟು ಸಾಕಾಯಿತು. ಪಕ್ಕದ ಮನೆಯ ಮದುವೆಗೆ ಹಂಡೆ ಕೊಟ್ಟ ಹಾಗೆ ಮಾರಣ್ಣ ಎಮ್ಮೆ ಕೊಟ್ಟ. ಕಾಸು ಮುಟ್ಟಲಿಲ್ಲ, ಹೊಗಳಿಕೆಯಲ್ಲಿ ಮಾತ್ರ ಒಂದು ಹನಿಯನ್ನೂ ಚೆಲ್ಲಲಿಲ್ಲ. ಅಶ್ವಥ್ ಪ್ರತಿ ಸಲ ಹೊಸ ನಂಬರಿನ ಓಲೆಯನ್ನು ಚಂದ್ರಿಯ ಕಿವಿಗೆ ಅಂಟಿಸಿ, ಪಕ್ಕದಲ್ಲಿ ಹೊಸ ಮನುಷ್ಯನನ್ನು ನಿಲ್ಲಿಸುತ್ತಿದ್ದ. ಆದರೆ ಬೇರೆಯವರು ಹಗ್ಗ ಹಿಡಿದರೆ ಚಂದ್ರಿ ನಿಲ್ಲುವವಳಲ್ಲ. ಹೀಗಾಗಿ ಪ್ರತಿ ಫೋಟೋದ ಅಂಚಿನಲ್ಲೂ ಹಗ್ಗ ಹಿಡಿದ ಒಂದು ಕೈ. ಮುಖವಿಲ್ಲ, ಬರೀ ಕೈ.

ಈಗ ಅಶ್ವಥ್ ಪರಾರಿ. ಸಾಲ ತೆಗೆದುಕೊಂಡಿದ್ದ ಆನಗೋಡಿನ ಸಣ್ಣಬೀರಪ್ಪ, ಎಮ್ಮೆಯೂ ಕೈಯೂ ಮಾರಣ್ಣನವೇ ಎಂದು ಪೊಲೀಸರ ಮುಂದೆ ಹೇಳಿಬಿಟ್ಟಿದ್ದಾನೆ. ಇವತ್ತು ಠಾಣೆಯ ಅಂಗಳದಲ್ಲಿ ಎಮ್ಮೆಯನ್ನು ಫೋಟೋದೊಂದಿಗೆ ಹೋಲಿಸಿ ಮಹಜರು. ಎರಡೂ ಒಂದೇ ಎಂದಾದರೆ ಮಾರಣ್ಣನೂ ವಂಚನೆಯ ಪಾಲುದಾರ.

"ನೀವು ಮಾತಾಡಿದ್ರೆ ಕೆಟ್ರಿ ಅಂತಾನೆ ತಿಳ್ಕೊಳ್ರಿ," ಎಂದು ಪಿ.ಜೆ. ಬಡಾವಣೆಯ ವಕೀಲೆ ವಾಣಿ ನಿನ್ನೆಯೇ ಎಚ್ಚರಿಸಿದ್ದಳು. "ಕೇಳಿದ್ದಕ್ಕೆ ಹೌದು, ಇಲ್ಲ. ಮುಂದಕ್ಕೆ ಒಂದಕ್ಷರ ಬ್ಯಾಡ." ಡೈ ಮೈಲಮ್ಮನ ಸ್ವಂತ ಬುದ್ಧಿ. ಅದನ್ನು ವಕೀಲೆಗೆ ಯಾರೂ ಹೇಳಿರಲಿಲ್ಲ.

ಟೆಂಪೋದಿಂದ ಚಂದ್ರಿ ಇಳಿದಾಗ ಹರಿಹರದ ಬಿಸಿಲು ಡಾಂಬರನ್ನು ಪಾಯಸ ಮಾಡುವಷ್ಟಿತ್ತು. ಹೊಂಗೆಯ ನೆರಳಿನಲ್ಲಿ ನಿಂತಿದ್ದ ವಾಣಿ ಎಮ್ಮೆಯ ಹಣೆ ನೋಡಿದಳು, ಮಾರಣ್ಣನ ಮೀಸೆ ನೋಡಿದಳು. ಎರಡೂ ಒಂದೇ ಮಿಂಚು. ಆಮೇಲೆ ಫೈಲು ಬಿಚ್ಚಿದವಳು ತಲೆ ಎತ್ತಲಿಲ್ಲ.

ಇನ್‌ಸ್ಪೆಕ್ಟರ್ ನಿಂಗರಾಜ್ ಫೋಟೋಗಳನ್ನು ಇಸ್ಪೀಟು ಎಲೆಯಂತೆ ಹರಡಿ ಹಿಡಿದು ಎಮ್ಮೆಗೆ ಒಂದು ಸುತ್ತು ಬಂದ. "ಇವುದ್ರಾಗೆ ಚಂದ್ರ ಐತೆ. ಇಲ್ಲಿ ಎಲ್ಲೋತಪ್ಪ?" ಎಂದವನೇ ಹೆಬ್ಬೆರಳನ್ನು ನೀರಿನ ಬಾಟಲಿಗೆ ಅದ್ದಿ ಚಂದ್ರಿಯ ಹಣೆಯನ್ನು ಉಜ್ಜಿದ. ಮಾರಣ್ಣನ ಎದೆ ಎಷ್ಟು ಜೋರಾಗಿ ಬಡಿದುಕೊಂಡಿತೆಂದರೆ ದಾವಣಗೆರೆ ಸ್ಟೇಷನ್ನಿನಲ್ಲಿ ನಿಂತವರು ಗಾಡಿ ಬಂತೆಂದು ಗಂಟು ಎತ್ತಿಕೊಂಡಿರಬೇಕು. ನಿಂಗರಾಜ್ ಬೆರಳನ್ನು ಬಿಸಿಲಿಗೆ ಹಿಡಿದ. ಏನೂ ಅಂಟಿರಲಿಲ್ಲ.

ಪೇದೆಯೊಬ್ಬ ಹಗ್ಗ ಹಿಡಿದ. ಚಂದ್ರಿ ಅವನನ್ನು ಗಾಳಿಪಟದಂತೆ ಎಳೆದುಕೊಂಡು ಸೀದಾ ಮಾರಣ್ಣನತ್ತ ಹೊರಟಳು. ಒಂದು ಬಾರಿ ಲೊಚಗುಟ್ಟಿದ್ದರೆ ಸಾಕಿತ್ತು, ಅಲ್ಲೇ ನಿಲ್ಲುತ್ತಿದ್ದಳು. ಮಾರಣ್ಣ ಕೈಗಳನ್ನು ಬೆನ್ನ ಹಿಂದೆ ಹೆಣೆದು ನಾಲಿಗೆ ಕಚ್ಚಿ ಹಿಡಿದ.

"ಯಾವ ಎಮ್ಮೆಯಾದ್ರೂ ಸಾಕಿದೋರ ಕಡೇನೇ ಎಳಿಯೋದು ಸಾರ್," ಎಂದಳು ವಾಣಿ, ಫೈಲಿನಿಂದ ಕಣ್ಣು ತೆಗೆಯದೆ.

"ಅದಿರ್ಲಿ ಮೇಡಂ." ನಿಂಗರಾಜ್ ಮಾರಣ್ಣನ ಮುಂದೆ ಬಂದು ನಿಂತ. "ಆನೆಕೊಂಡದಾಗೆ ಸಣ್ಣ ಹುಡುಗ್ರೂ ಹೇಳ್ತಾವೆ, ಮಾರಣ್ಣನ ಎಮ್ಮೆ ಹಣೆ ಮ್ಯಾಲೆ ಚಂದ್ರ ಐತೆ ಅಂತ. ಚಂದ್ರ ಇಲ್ದಿದ್ರೆ ಚಂದ್ರಿ ಅಂತ ಯಾಕ ಕರ್ದೆ?"

ಇದಕ್ಕೆ ಹೌದು ಎನ್ನುವಂತಿಲ್ಲ, ಇಲ್ಲ ಎಂದರೆ ಸಾಲದು. ಫೈಲಿನ ಹಾಳೆ ತಿರುವುತ್ತಿದ್ದ ವಾಣಿಯ ಕೈ ಅಲ್ಲೇ ನಿಂತಿತು.

"ಸುಳ್ಳು ಸಾಹೇಬ್ರೆ," ಎಂದ ಮಾರಣ್ಣ.

"ಯಾವ್ದು ಸುಳ್ಳು?"

"ನಾನು ಹೇಳಿದ್ದೆಲ್ಲ. ಬಡಾಯಿ ಮನ್ಷ ನಾನು, ಯಾರನ್ನ ಬೇಕಾದ್ರೂ ಕೇಳ್ರಿ. ಹೊಳೆಯಂಗೆ ಹಾಲು ಕೊಡ್ತಾಳೆ ಅಂದೆ, ಕೊಡಲ್ಲ. ಹಣೆ ಮ್ಯಾಲೆ ಚಂದ್ರ ಐತೆ ಅಂದೆ..." ಅವನು ಎಮ್ಮೆಯ ಕಡೆ ನೋಡಲಿಲ್ಲ. "ಅದೂ ಇಲ್ಲ. ಸಾದಾ ಎಮ್ಮೆ ಸಾಹೇಬ್ರೆ. ಸಂತೇಲಿ ಇಂಥವು ಬೇಕಾದಷ್ಟು."

ನಿಂಗರಾಜ್ ಮೈಲಮ್ಮನತ್ತ ತಿರುಗಿದ. "ಏನಮ್ಮ, ನಿನ್ ಗಂಡ ಅಷ್ಟು ಸುಳ್ಳು ಹೇಳ್ತಾನಾ?"

"ನನ್ನ ನೋಡಾಕೆ ಬಂದ ದಿನದಿಂದ ಹೇಳ್ತಾರೆ ಸಾಹೇಬ್ರೆ. ತೆಂಗಿನ ತೋಟ ಐತೆ ಅಂದಿದ್ರು. ಬಂದು ನೋಡಿದ್ರೆ ಎರಡು ಮರ. ಅದ್ರಾಗೂ ಒಂದು ಪಕ್ಕದ ಮನೇರ್ದು."

ಪೇದೆಗಳು ನಕ್ಕರು. ನಿಂಗರಾಜನ ಮುಖ ಮಾತ್ರ ಸಡಿಲಾಗಲಿಲ್ಲ. ಬರೆಸಿದ್ದನ್ನು ಗಟ್ಟಿಯಾಗಿ ಓದಿಸಿದ: ಸಾಧಾರಣ ಎಮ್ಮೆ, ಮೈಬಣ್ಣ ಕಪ್ಪು, ಹಣೆಯ ಮೇಲೆ ಯಾವ ಗುರುತೂ ಇಲ್ಲ. ಮಾರಣ್ಣ ರುಜು ಹಾಕಿದ. "ಕೇಸು ಮುಗಿಯೋಮಟ ಎಮ್ಮೆ ಮಾರಂಗಿಲ್ಲ. ನಾನು ಯಾವಾಗ ಬೇಕಾದ್ರೂ ಬಂದು ನೋಡ್ತೀನಿ," ಎಂದ ಇನ್‌ಸ್ಪೆಕ್ಟರ್.

ಸಂಜೆ ಟೆಂಪೋ ಆನೆಕೊಂಡ ಸೇರಿದಾಗ ಚಹಾದಂಗಡಿಯ ದಾನಿಶ್ ಕೂಗಿದ: "ಏನ್ ಮಾರಣ್ಣ, ಇವತ್ತು ಎಷ್ಟು ಹೊಳೆ ಹರಿಸ್ತಾಳೆ ಚಂದ್ರಿ?"

"ಇದ್ದಷ್ಟು," ಎಂದ ಮಾರಣ್ಣ. ದಾನಿಶ್ ಲೋಟ ತೊಳೆಯುವುದನ್ನು ಬಿಟ್ಟು ಅವನನ್ನೇ ನೋಡಿದ.

ಕೊಟ್ಟಿಗೆಯಲ್ಲಿ ಮಾರಣ್ಣ ಒದ್ದೆ ಹುಲ್ಲಿನಿಂದ ಹಣೆ ತಿಕ್ಕಿದ. ಸೋಪು ಹಾಕಿದ, ಕೊಬ್ಬರಿ ಎಣ್ಣೆ ಹಚ್ಚಿದ. ಬಣ್ಣ ಬಿಡಲಿಲ್ಲ.

"ಹುಚ್ಚೇನ್ರಿ ನಿಮ್ಗೆ? ನಾಳೆನೇ ಆ ಇನ್‌ಸ್ಪೆಕ್ಟ್ರು ಬಂದ್ರೆ?" ಎಂದು ಮೈಲಮ್ಮ ಹುಲ್ಲನ್ನು ಕಿತ್ತುಕೊಂಡಳು. "ಇನ್ಮ್ಯಾಲೆ ವಾರವಾರ ಹಚ್ಚಬೇಕು."

ಮುಂದಿನ ವಾರ ಮಾರಣ್ಣನೇ ಡೈ ಕಲಸಿದ. ಅವನ ಮೀಸೆಯ ಬುಡದಲ್ಲಿ ಬಿಳುಪು ಇಣುಕಿತ್ತು. ಚಂದ್ರಿಯ ಹಣೆಯಲ್ಲೂ ಉಗುರಿನ ಅಂಚಿನಷ್ಟು ತೆಳ್ಳಗೆ ಒಂದು ಬಿಳಿ ಗೆರೆ ಎದ್ದಿತ್ತು. ಅವನು ಬ್ರಷ್ ಹಿಡಿದು ಅದನ್ನೇ ನೋಡುತ್ತ ಕೂತ. ಹಗ್ಗ ನೆಲದ ಮೇಲೆ ಬಿದ್ದಿತ್ತು. ಯಾರೂ ಹಿಡಿಯದೆಯೇ ಚಂದ್ರಿ ತಲೆ ತಗ್ಗಿಸಿ, ಅಲ್ಲಾಡದೆ ನಿಂತಳು.