ಮುಳ್ಳು ಕೆಂಪಿಗೆ ಬರಲೇ ಇಲ್ಲ

ಬಾವಿಯಲ್ಲಿ ಮೋಟಾರು ಕಳಚಿ ಬೀಳುವುದು ನಮ್ಮ ಕಡೆ ಹೊಸ ಸುದ್ದಿಯೇನಲ್ಲ. ಪೈಪಿಗೆ ತುಕ್ಕು ಹಿಡಿದಿರುತ್ತದೆ, ಹಗ್ಗ ಕೊಳೆತಿರುತ್ತದೆ, ಬೆಳಿಗ್ಗೆ ಎದ್ದು ಸ್ವಿಚ್ಚು ಹಾಕಿದರೆ ನೀರಿಲ್ಲ. ಅತ್ತ ಹೂವಿನ ತೋಟ ಬಾಡುತ್ತದೆ, ಇತ್ತ ಮನೆಯಲ್ಲಿ ಜಗಳ ಶುರುವಾಗುತ್ತದೆ. ಆಗ ತಳಿ ಊರಿನಿಂದ ಹೊಸೂರಿನವರೆಗೆ ಎಲ್ಲರೂ ಹುಡುಕಿಕೊಂಡು ಬರುವುದು ಅವಲಪಲ್ಲಿಯ ಮುನಿಯಲ್ಲಪ್ಪನನ್ನು. ನೀರಲ್ಲಿ ಮುಳುಗಿ, ತಳದಲ್ಲಿ ಬಿದ್ದ ಮೋಟಾರಿಗೆ ಕೊಕ್ಕೆ ಹಾಕಿ ಬರುವುದು ಅವನ ಕಸುಬು.

ಮುಳುಗುವವನು ಅವನು. ದಡದಲ್ಲಿ ಜೀವ ಬಿಗಿಹಿಡಿದು ಕೂರುವವಳು ಅವನ ಹೆಂಡತಿ ಅಕ್ಕಯಮ್ಮ. ಅವನ ಸೊಂಟಕ್ಕೆ ಕಟ್ಟಿದ ಹಗ್ಗದ ಇನ್ನೊಂದು ತುದಿ ಅವಳ ಕೈಯಲ್ಲಿರುತ್ತದೆ. ಒಂದು ಸಲ ಜಗ್ಗಿದರೆ ಚೆನ್ನಾಗಿದ್ದೇನೆ ಅಂತ, ಬಿಡದೆ ಜಗ್ಗಿದರೆ ಮೇಲಕ್ಕೆ ಎಳೆ ಅಂತ. ಈ ಕೆಲಸವನ್ನು ಅವಳು ಇನ್ನೊಬ್ಬರಿಗೆ ಬಿಟ್ಟುಕೊಟ್ಟವಳೇ ಅಲ್ಲ. ಗಂಡನ ಜೀವ ಹಿಡಿಯುವ ಹಗ್ಗವನ್ನು ಊರವರ ಕೈಗೆ ಕೊಟ್ಟು ನೆಮ್ಮದಿಯಾಗಿ ಕೂರುವ ಹೆಂಗಸು ಅವಳಲ್ಲ.

ಬಾವಿಗಳು ವರ್ಷವರ್ಷಕ್ಕೂ ಆಳವಾದವು. ಉಸಿರು ಕಟ್ಟಿ ಮುಳುಗುವ ಕಾಲ ಮುಗಿಯಿತು ಅಂದುಕೊಂಡ ಮುನಿಯಲ್ಲಪ್ಪ ಎರಡು ಸಾವಿರದ ಆರನೇ ಇಸವಿಯಲ್ಲಿ ಚೆನ್ನೈಗೆ ಹೋಗಿ ಮುಳುಗುವ ತರಬೇತಿ ಪಡೆದ. ಬರುವಾಗ ಅಲ್ಲಿನ ಅಂಗಡಿಯೊಂದರಿಂದ ಹೊಚ್ಚಹೊಸ ಸೆಟ್ಟು ತಂದ. ಬೆನ್ನಿಗೆ ಗಾಳಿಯ ಸಿಲಿಂಡರು, ಬಾಯಿಗೆ ಕಚ್ಚಿಕೊಳ್ಳುವ ತುಂಡು, ಗಾಳಿ ಎಷ್ಟು ಉಳಿದಿದೆ ಎಂದು ತೋರಿಸುವ ಒಂದು ಗುಂಡನೆಯ ಮೀಟರು. ಮೀಟರಿನ ಮುಳ್ಳು ಕೆಂಪು ಗೆರೆಗೆ ಬಂದರೆ ಗಾಳಿ ಮುಗಿಯುತ್ತಾ ಬಂತು, ಮೇಲೆ ಬರಬೇಕು ಅಂತ ಅರ್ಥ.

ಅಕ್ಕಯಮ್ಮನ ಸಂಭ್ರಮ ಕೇಳಬೇಕೆ? ಶುಕ್ರವಾರ ತಲೆಗೆ ನೀರು ಹಾಕಿಕೊಂಡು, ಸಿಲಿಂಡರಿಗೆ ಅರಿಶಿನ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಮೀಟರಿನ ಗಾಜಿನ ಮೇಲೂ ಒಂದು ಕುಂಕುಮದ ಬೊಟ್ಟಿಟ್ಟಳು. ನಿಂಬೆಹಣ್ಣು ಕೊಯ್ದು ದೃಷ್ಟಿ ತೆಗೆದಳು. ಪೂಜೆಯಲ್ಲಿ ಒಂದು ಚೂರೂ ಕೊರತೆಯಾಗಲಿಲ್ಲ. ಸೆಟ್ಟು ಸರಿಯಾಗಿದೆಯೇ ಎಂದು ಪರೀಕ್ಷೆ ಮಾಡುವುದೊಂದು ಮಾತ್ರ ಇಬ್ಬರಿಗೂ ಹೊಳೆಯಲಿಲ್ಲ.

ಮೊದಲ ಕೆಲಸ ತಳಿಯ ವೆಂಕಟಸ್ವಾಮಿಯ ತೋಟದ ಬಾವಿಯಲ್ಲಿ. ಮುನಿಯಲ್ಲಪ್ಪ ಇಳಿದ. ನೀರಿನ ಮೇಲೆ ಗುಳ್ಳೆಗಳು ಬುಳುಬುಳು ಅಂತ ಏಳುತ್ತಿದ್ದವು. ಅಕ್ಕಯಮ್ಮ ಬಾವಿಯ ಕಟ್ಟೆಗೆ ಕಾಲು ಕೊಟ್ಟು ಕೂತು ಆ ಗುಳ್ಳೆಗಳನ್ನೇ ನೋಡುತ್ತಿದ್ದಳು. ಆಗಾಗ ಹಗ್ಗ ಒಂದು ಸಲ ಜಗ್ಗುತ್ತಿತ್ತು, ಅವಳಿಗೆ ಸಮಾಧಾನವಾಗುತ್ತಿತ್ತು.

ಬಹಳ ಹೊತ್ತಾದ ಮೇಲೆ ಇದ್ದಕ್ಕಿದ್ದಂತೆ ಗುಳ್ಳೆ ನಿಂತಿತು.

"ವೆಂಕಟಸ್ವಾಮಣ್ಣ, ಗುಳ್ಳೆ ಯಾಕೆ ಬತ್ತಿಲ್ಲ?" ಎಂದು ಅವಳು ಕೇಳಿ ಮುಗಿಸುವಷ್ಟರಲ್ಲಿ ಹಗ್ಗ ಅವಳ ಅಂಗೈಯನ್ನು ಕಿತ್ತುಕೊಂಡು ಹೋಗುವಂತೆ ಎಳೆಯಿತು. ಬಿಡದೆ ಎಳೆಯಿತು. ಅವಳೂ ವೆಂಕಟಸ್ವಾಮಿಯೂ ಬಿದ್ದು ಎದ್ದು ಜಗ್ಗಿದರು. ಅವಳಿಗೆ ದೇವರ ಹೆಸರು ಕೂಡ ನೆನಪಿಗೆ ಬರಲಿಲ್ಲ. ನೀರೊಡೆದು ಗಂಡನ ತಲೆ ಮೇಲೆ ಬಂದಾಗ ಅವನ ತುಟಿ ನೀಲಿಗಟ್ಟಿತ್ತು, ಮೂಗಿನಿಂದ ರಕ್ತ ಸೋರುತ್ತಿತ್ತು.

ಬಹಳ ಹೊತ್ತು ಕೆಮ್ಮಿದ ಮೇಲೆ ಅವನು ಮಾತಾಡಿದ.

"ಮೀಟರಲ್ಲಿ ಗಾಳಿ ಇತ್ತು ಕಣೇ. ಮುಳ್ಳು ಇನ್ನೂ ಕೆಂಪಿಗೆ ಬಂದೇ ಇರ್ಲಿಲ್ಲ. ಉಸುರೇ ನಿಂತೋಯ್ತು."

"ಹೊಸ ಸಾಮಾನಲ್ವೇನಪ್ಪಾ," ಎಂದ ವೆಂಕಟಸ್ವಾಮಿ. "ಮೊದಮೊದ್ಲು ಹಂಗೇ ಬಿಗಿ ಇರ್ತದೆ. ನನ್ನ ಬೈಕೂ ಹಿಂಗೇ ನಿಂತು ನಿಂತು ಹೋಯ್ತಿತ್ತು. ಓಡ್ತಾ ಓಡ್ತಾ ಸರಿಹೋಯ್ತು."

ಬೈಕು ನಿಂತರೆ ಇಳಿದು ತಳ್ಳಬಹುದು. ನೀರಿನ ತಳದಲ್ಲಿ ಉಸಿರು ನಿಂತರೆ ಇಳಿಯುವುದು ಎಲ್ಲಿಗೆ? ಆದರೆ ಮುನಿಯಲ್ಲಪ್ಪನಿಗೆ ಆ ಮಾತು ಹಿತವಾಗಿ ಕಂಡಿತು. ಹೆದರಿದ ಗಂಡಸಿಗೆ ಹೆದರಬೇಕಾಗಿಲ್ಲ ಎಂದು ಯಾರು ಹೇಳಿದರೂ ಸಾಕು, ತಲೆಯಾಡಿಸುತ್ತಾನೆ.

ಮನೆಗೆ ಬಂದವನೇ ಬೆಂಗಳೂರಿಗೆ ಹೋಗಿ ಸಿಲಿಂಡರಿಗೆ ಗಾಳಿ ತುಂಬಿಸಿಕೊಂಡು ಬಂದ. ಬಾವಿಯ ನೀರಿನಲ್ಲಿ ತೊಳೆದುಹೋಗಿದ್ದ ಅರಿಶಿನ ಕುಂಕುಮವನ್ನು ಅಕ್ಕಯಮ್ಮ ಮತ್ತೆ ಹಚ್ಚಿ, ಬೇರೆ ಹಾರ ಹಾಕಿದಳು. ಸೋಮವಾರ ಜವಳಗಿರಿ ಕಡೆಯ ಕಲ್ಲಿನ ಕ್ವಾರಿಯಲ್ಲಿ ಬಿದ್ದ ಮೋಟಾರು ಎತ್ತುವ ಕೆಲಸ ಒಪ್ಪಿಕೊಂಡಿದ್ದ. ಕಲ್ಲು ತೆಗೆದು ಬಿಟ್ಟ ಗುಂಡಿ, ನೀರು ಕಪ್ಪಗೆ ನಿಂತಿದೆ, ತಳ ಕಂಡವರಿಲ್ಲ.

"ಅಲ್ಲಿ ಹಗ್ಗ ಬ್ಯಾಡ," ಎಂದ ಮುನಿಯಲ್ಲಪ್ಪ. "ಬಂಡೆ ಸಂದೀಲಿ ಸಿಕ್ಕಾಕೊಂತದೆ. ನೀ ಮನೇಲೇ ಇರು."

ಹಗ್ಗವಿಲ್ಲದೆ ಗಂಡ ನೀರಿಗಿಳಿದರೆ ಅವನು ಇದ್ದಾನೋ ಇಲ್ಲವೋ ಎಂದು ಅಕ್ಕಯಮ್ಮನಿಗೆ ತಿಳಿಸುವವರು ಯಾರು? ಎರಡು ದಿನ ಅವಳು ಸರಿಯಾಗಿ ಊಟ ಮಾಡಲಿಲ್ಲ. ಒಲೆ ಮೇಲಿನ ಎಸರು ಬುಳುಬುಳು ಕುದಿಯುವುದನ್ನು ನೋಡಿದರೂ ಅವಳಿಗೆ ಬಾವಿಯೇ ನೆನಪಾಗುತ್ತಿತ್ತು. ಎಸರು ಇಳಿಸಿ ಗುಳ್ಳೆ ನಿಂತರೆ ಮತ್ತೆ ಒಲೆಯ ಮೇಲೆ ಇಟ್ಟುಬಿಡುತ್ತಿದ್ದಳು.

ಭಾನುವಾರ ಬೆಳಿಗ್ಗೆ ಎದುರುಮನೆಯ ಸಹನಾ ಬಟ್ಟೆ ಒಣಗಿಸುತ್ತಿದ್ದಳು. ತುಮಕೂರು ಕಡೆಯ ಹೆಣ್ಣುಮಗಳು. ಹೊಸೂರಿನ ಫ್ಯಾಕ್ಟರಿಯೊಂದರಲ್ಲಿ ತಯಾರಾದ ಸಾಮಾನು ಹೊರಗೆ ಹೋಗುವ ಮೊದಲು ಪರೀಕ್ಷೆ ಮಾಡುವ ಕೆಲಸ ಅವಳದು. ಅಕ್ಕಯಮ್ಮನ ಅಂಗೈಯ ಗಾಯ ಅವಳ ಕಣ್ಣಿಗೆ ಬಿತ್ತು.

"ಏನಕ್ಕ ಇದು, ಚರ್ಮನೇ ಕಿತ್ತೋಗಿದೆ?"

ಅಷ್ಟು ಕೇಳಿದ್ದೇ ಸಾಕಾಯಿತು. ಅಕ್ಕಯಮ್ಮ ಅಲ್ಲೇ ಜಗಲಿಯ ಮೇಲೆ ಕುಸಿದು ಎಲ್ಲ ಹೇಳಿಕೊಂಡು ಅತ್ತಳು. ಕೊನೆಗೆ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು.

"ಹೊಸದ್ರಲ್ಲೂ ಕೆಟ್ಟಿದ್ದು ಬತ್ತದಾ ಸಹನಾ? ಅಷ್ಟು ದೊಡ್ಡ ಕಂಪ್ನಿಯವ್ರು ನೋಡ್ದೇನೇ ಕಳಿಸ್ತಾರಾ?"

"ಬರದೇ ಇದ್ದಿದ್ರೆ ನನಗೆ ಯಾಕಕ್ಕ ಸಂಬಳ ಕೊಡ್ತಿದ್ರು? ನಾನು ದಿನಾ ನೋಡೋದೇ ಹೊಸ ಸಾಮಾನು. ಪಳಪಳ ಅಂತಿರುತ್ತೆ, ಅದ್ರಲ್ಲೇ ದೋಷ ಸಿಗುತ್ತೆ. ನಮ್ಮ ಕಣ್ಣು ತಪ್ಪಿಸಿ ಹೊರಗೆ ಹೋಗೋದೂ ಉಂಟು. ಹೊಸದು ಅಂದ್ರೆ ಇನ್ನೂ ಯಾರೂ ಬಳಸಿಲ್ಲ ಅಂತ, ಅಷ್ಟೇ. ನಡೀರಿ, ಅಣ್ಣನ ಹತ್ರ ಮಾತಾಡೋಣ."

ಮುನಿಯಲ್ಲಪ್ಪ ಅಂಗಳದಲ್ಲಿ ಮರುದಿನಕ್ಕೆ ಸೆಟ್ಟು ಜೋಡಿಸುತ್ತಿದ್ದ. ಸಹನಾಳ ಮಾತು ಕೇಳಿ ನಕ್ಕ.

"ನಾಳೆ ಕೆಲ್ಸ ಒಂದು ಮುಗೀಲಿ ತಾಯಿ. ಆಮೇಲೆ ಶ್ಯಾಮಣ್ಣನ ಲೇತ್ ಶೆಡ್ಡಿಗೆ ತಗೊಂಡೋಗಿ ಬಿಚ್ಚಿಸ್ತೀನಿ. ನಮ್ಮ ಹೊಸೂರಲ್ಲಿ ಆಗ್ದೇ ಇರೋ ರಿಪೇರಿ ಐತಾ?"

"ಬಿಚ್ಚಿದ್ರೆ ಗ್ಯಾರಂಟಿ ಹೋಗುತ್ತೆ ಅಣ್ಣ. ಅದು ಹೋದ್ರೆ ಹೋಗ್ಲಿ, ಇದು ಉಸಿರಾಡೋ ಸಾಮಾನು. ಮಾಡಿದವರೇ ನೋಡ್ಬೇಕು. ಇದರ ವಿದ್ಯೆ ನನಗೆ ಗೊತ್ತಿಲ್ಲ, ನೀವೇ ಹೇಳಿ. ಸಿಲಿಂಡರು ಮುಚ್ಚಿ, ಪೈಪಲ್ಲಿರೋ ಗಾಳೀನೆಲ್ಲ ಬಿಟ್ಟುಬಿಟ್ರೆ ಮೀಟರು ಎಲ್ಲಿಗೆ ಬರ್ಬೇಕು?"

"ಸೊನ್ನೆಗೆ. ತರಬೇತೀಲಿ ಹೇಳಿದ್ರು."

"ಒಂದು ಸಲ ತೋರಿಸಿ, ನೋಡೋಣ."

ಮುನಿಯಲ್ಲಪ್ಪ ಸಿಲಿಂಡರಿನ ತಿರುಪು ತೆರೆದ, ಮುಳ್ಳು ಏರಿತು. ತಿರುಪು ಬಿಗಿಯಾಗಿ ಮುಚ್ಚಿ ಬಾಯಿತುಂಡಿನ ಗುಂಡಿ ಒತ್ತಿದ. ಗಾಳಿ ಸುಯ್ಯೆಂದು ಹೊರಬಿತ್ತು, ಮುಳ್ಳು ಇಳಿಯಿತು. ಇಳಿಯುತ್ತಾ ಬಂದು ಕೆಂಪು ಗೆರೆಗಿಂತ ಕೂದಲೆಳೆಯಷ್ಟು ಮೇಲೆ ನಿಂತುಬಿಟ್ಟಿತು. ಗಾಳಿಯ ಸದ್ದು ಅಡಗಿತು. ಅವನು ಮತ್ತೆ ಮತ್ತೆ ಒತ್ತಿದ, ಬೆರಳಿನಿಂದ ಗಾಜು ಕುಟ್ಟಿದ. ಮುಳ್ಳು ಕದಲಲಿಲ್ಲ.

"ಇನ್ನೂ ಗಾಳಿ ಇದೆ ಅಂತಿದೆ ಇದು," ಎಂದಳು ಸಹನಾ ಮೆಲ್ಲಗೆ. "ಬಾಯಿಗಿಟ್ಟು ಉಸಿರೆಳೀರಿ ಅಣ್ಣ."

ಅವನು ಕಚ್ಚಿಕೊಂಡು ಎಳೆದ. ಕೆನ್ನೆ ಒಳಗೆ ಹೋಯಿತು, ಕತ್ತಿನ ನರ ಉಬ್ಬಿತು, ಕಣ್ಣು ಹೊರಗೆ ಬಂತು. ಒಂದು ಗುಟುಕು ಗಾಳಿಯೂ ಬರಲಿಲ್ಲ. ಹಾಡುಹಗಲು, ಸುತ್ತಲೂ ಬೇಕಾದಷ್ಟು ಗಾಳಿ ಇರುವ ಅಂಗಳದಲ್ಲಿ ಆ ಗಂಡಸು ಮೈಯೆಲ್ಲ ಬೆವೆತುಹೋದ.

ಬಾವಿಯ ತಳದಲ್ಲಿ ಗಂಡನ ಮುಖ ಹೇಗಿತ್ತೆಂದು ಅಕ್ಕಯಮ್ಮ ಅವತ್ತು ಕಂಡಿರಲಿಲ್ಲ. ಹಗ್ಗ ಜಗ್ಗಿದ್ದಷ್ಟೇ ಅವಳಿಗೆ ಗೊತ್ತಿದ್ದದ್ದು. ಈಗ ಕಂಡಳು.

ಮುನಿಯಲ್ಲಪ್ಪ ತುಂಡನ್ನು ಉಗುಳಿ ನೆಲದ ಮೇಲೆ ಕೂತ. "ಅವತ್ತೂ ಹಿಂಗೇ ಆಗಿದ್ದು," ಎಂದ. ಅವನ ನಗು ಎಲ್ಲಿಗೋ ಹೋಗಿತ್ತು.

"ವಾಪಸ್ ಕಳಿಸಿ ಅಣ್ಣ. ಬಿಲ್ಲು, ಗ್ಯಾರಂಟಿ ಚೀಟಿ ಇದೆಯಲ್ಲ? ಮುಳ್ಳು ನಿಂತಿರೋದನ್ನ ಸ್ಟುಡಿಯೋದವರ ಕೈಲಿ ಫೋಟೋ ತೆಗೆಸೋಣ. ಏನೇನಾಯ್ತು ಅಂತ ಕಾಗದ ಬರೆದು ರಿಜಿಸ್ಟರ್ ಪೋಸ್ಟಲ್ಲಿ ಅಂಗಡಿಗೊಂದು, ಕಂಪನಿಗೊಂದು ಹಾಕೋಣ. ಅವರು ಕಿವಿ ಮೇಲೆ ಹಾಕ್ಕೊಳ್ಳದೇ ಇದ್ರೆ ಕೃಷ್ಣಗಿರೀಲಿ ಗ್ರಾಹಕರ ವೇದಿಕೆ ಇದೆ, ವಕೀಲರಿಲ್ದೇನೂ ದೂರು ಕೊಡಬಹುದು. ಇದನ್ನೆಲ್ಲ ಒರೆಸಿ, ಬಂದ ಹಾಗೇ ಪೆಟ್ಟಿಗೇಲಿ ಇಡಿ."

ಒರೆಸಿ ಅಂದದ್ದೇ ಮೂವರ ಕಣ್ಣೂ ಮೀಟರಿನ ಮೇಲಿನ ಬೊಟ್ಟಿನತ್ತ ಹೋಯಿತು. ಪೂಜೆಯಾದ ಸಾಮಾನು. ಅದರ ಮೇಲಿನ ಕುಂಕುಮ ಒರೆಸುವುದೆಂದರೇನು? ಅದೂ ಗಂಡ ಎದುರಿಗೆ ಕೂತಿರುವಾಗ. ಮುನಿಯಲ್ಲಪ್ಪ ಹೆಂಡತಿಯ ಮುಖ ನೋಡಿದ. ಸಹನಾಳ ಕೈ ಕೂಡ ಮುಂದೆ ಬರಲಿಲ್ಲ. ಪೂಜೆ ಮಾಡಿದ ಸಾಮಾನನ್ನು ಹಿಂದಕ್ಕೆ ಕೊಟ್ಟರೆ ಮನೆಗೆ ಒಳ್ಳೆಯದಾಗುವುದಿಲ್ಲ ಎಂದು ನಿನ್ನೆಯವರೆಗೆ ಅಕ್ಕಯಮ್ಮನೇ ಹೇಳುತ್ತಿದ್ದಳು.

ಅವಳು ಮುಂದೆ ಬಂದು ಮಂಡಿಯೂರಿದಳು. ಬಾಡಿದ ಹಾರ ತೆಗೆದು ಪಕ್ಕಕ್ಕಿಟ್ಟಳು. ಸೆರಗಿನ ತುದಿಯನ್ನು ನೀರಲ್ಲಿ ಅದ್ದಿ ಸಿಲಿಂಡರಿನ ಅರಿಶಿನ ಒರೆಸಿದಳು. ಮೀಟರಿನ ಗಾಜಿನ ಹತ್ತಿರ ಕೈ ಒಂದು ಗಳಿಗೆ ನಿಂತಿತು.

"ಇದ್ರ ಮೇಲಿಂದು ಹೋದ್ರೆ ಹೋಗ್ಲಿ," ಎಂದಳು. "ನನ್ನ ಹಣೇದು ಉಳೀಲಿ."

ಕುಂಕುಮ ಒರೆಸಿದಳು. ಮುಳ್ಳು ಆಗಲೂ ಅಲ್ಲೇ ನಿಂತಿತ್ತು.

ಸೋಮವಾರ ಮುನಿಯಲ್ಲಪ್ಪ ಕ್ವಾರಿಗೆ ಇಳಿಯಲಿಲ್ಲ. ಕ್ವಾರಿಯವರು ಬಾಯಿಗೆ ಬಂದಂತೆ ಬೈದರು, ಬೈಸಿಕೊಂಡ. ಚೆನ್ನೈ ಅಂಗಡಿಯವನು ಫೋನಿನಲ್ಲಿ "ಅಪ್ಪುರಮ್ ಪಾಕ್ಕಲಾಂ" ಎಂದು, ಆಮೇಲೆ ನೋಡಿದರಾಯಿತು ಅಂತ ರಾಗ ಎಳೆದ. ರಿಜಿಸ್ಟರ್ ಕಾಗದದಲ್ಲಿ ಗ್ರಾಹಕರ ವೇದಿಕೆಯ ಹೆಸರು ಕಂಡ ಮೇಲೆ ಅವನ ರಾಗ ಬದಲಾಯಿತು. ಕಂಪನಿಯವರು ಬೇರೆ ಸೆಟ್ಟು ಕಳಿಸಿದರು. ಮೀಟರಿನೊಳಗೆ ಮುಳ್ಳು ಕೂರಿಸುವಾಗಲೇ ತಪ್ಪಾಗಿತ್ತು ಎಂದು ಒಪ್ಪಿ ಬರೆದರು.

ಈ ಸಲ ಅಕ್ಕಯಮ್ಮ ಕುಂಕುಮದ ಭರಣಿಯನ್ನು ಗೂಡಿನಿಂದ ಕೆಳಗಿಳಿಸಲೇ ಇಲ್ಲ. ಮೊದಲು ಅಂಗಳದಲ್ಲಿ ಗಾಳಿ ಬಿಡಿಸಿ ಮುಳ್ಳು ಸೊನ್ನೆಗೆ ಬರುವುದನ್ನು ಕಣ್ಣಾರೆ ನೋಡಿದಳು. ತರಬೇತಿ ಕೊಟ್ಟವರ ಕಣ್ಣೆದುರಿಗೆ, ಸೊಂಟಮಟ್ಟದ ನೀರಿನಲ್ಲಿ ಗಂಡ ಅದನ್ನು ಬಾಯಿಗಿಟ್ಟು ಉಸಿರಾಡಿ ಬಂದ. ಆಮೇಲೆ ಪೂಜೆ ಮಾಡಿದಳು. ಕ್ವಾರಿಗೂ ಹಗ್ಗ ಹೋಯಿತು, ಹಗ್ಗದ ಜೊತೆ ಅವಳೂ ಹೋದಳು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನೀವು ಬಾವಿಗೆ ಇಳಿಯುವವರಲ್ಲದೆ ಇರಬಹುದು. ಆದರೆ ನಿಮ್ಮ ಮನೆಗೂ ಹೊಸ ಗ್ಯಾಸ್ ರೆಗ್ಯುಲೇಟರು ಬರುತ್ತದೆ, ಹೊಸ ಕುಕ್ಕರು ಬರುತ್ತದೆ, ಮಗನಿಗೆ ಹೊಸ ಬೈಕು ಬರುತ್ತದೆ. ಹೊಸದು ಎಂದು ಕಣ್ಣು ಮುಚ್ಚಿ ನಂಬಬೇಡಿ. ಬಿಲ್ಲು ಕೇಳಿ ತೆಗೆದುಕೊಳ್ಳಿ, ಜೋಪಾನವಾಗಿಡಿ. ಜೀವಕ್ಕೆ ಸಂಬಂಧಪಟ್ಟ ಸಾಮಾನಿನಲ್ಲಿ ಸಣ್ಣ ಅನುಮಾನ ಬಂದರೂ ಅವತ್ತೇ ಬಳಸುವುದನ್ನು ನಿಲ್ಲಿಸಿ. ಬಿಚ್ಚಬೇಡಿ, ಓಡ್ತಾ ಓಡ್ತಾ ಸರಿಹೋಗುತ್ತದೆ ಎನ್ನಬೇಡಿ, ಕೊಟ್ಟವರಿಗೇ ಹಿಂದಕ್ಕೆ ಕೊಡಿ. ಕೇಳುವುದು ನಿಮ್ಮ ಹಕ್ಕು.

ಪೂಜೆ ಮಾಡಬೇಡಿ ಎಂದು ಯಾರೂ ಹೇಳುವುದಿಲ್ಲ, ಅಕ್ಕಯಮ್ಮನಂತೂ ಹೇಳುವುದೇ ಇಲ್ಲ. ಮೊದಲು ಪರೀಕ್ಷೆ ಮಾಡಿ, ಆಮೇಲೆ ಕುಂಕುಮ ಇಡಿ ಅನ್ನುತ್ತಾಳೆ. ಹಾಗನ್ನುವಾಗ ಅಂಗೈ ಬಿಚ್ಚಿ ತೋರಿಸುತ್ತಾಳೆ. ಹಗ್ಗ ಕಿತ್ತ ಗುರುತು ಇನ್ನೂ ಮಾಸಿಲ್ಲ.