ಎಡಗಾಲಿನ ಬೂಟು

ಅತ್ತೆಯ ಪಾದಗಳಲ್ಲಿ ಸ್ಪರ್ಶವೇ ಉಳಿದಿರಲಿಲ್ಲ. ನರದ ಕಾಯಿಲೆ. ಮೊಳೆ ಹೊಕ್ಕರೂ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ಪ್ರತಿದಿನ ಬೂಟನ್ನು ಬೋರಲು ಮಾಡಿ ನೆಲಕ್ಕೆ ಕುಟ್ಟಿ, ಟಾರ್ಚ್ ಬಿಟ್ಟು ಒಳಗೆ ನೋಡಿಯೇ ಹಾಕಿಕೊಳ್ಳುವಳು. ಆಮೇಲೆ ಕೋಲು ಹಿಡಿದು, ಬೀದಿಯ ಕೊನೆಯಲ್ಲಿದ್ದ ತನ್ನ ಜಿಪ್ ರಿಪೇರಿ ಅಂಗಡಿಗೆ ಹೊರಡುವಳು. ಓದು ನಿಲ್ಲಿಸಿದ ಮೇಲೆ ನಾನೂ ಅಲ್ಲೇ ಕೆಲಸಕ್ಕಿದ್ದೆ. ಆದರೆ ದಾರಿಯಲ್ಲಿ ಜೊತೆಗೆ ನಡೆಯಲು ಬಿಡುತ್ತಿರಲಿಲ್ಲ.

"ನಾನೇನು ಕಳ್ಳಿನಾ, ಹಿಂದೊಬ್ರು ಕಾವಲು ಬರೋಕೆ?"

ಬಿಸಿನೀರಿನಲ್ಲಿ ಕಾಲು ಬೆಂದರೂ ಅವಳಿಗೆ ತಿಳಿಯದೇ ಹೋದ ದಿನದಿಂದ ಅವಳ ತಮ್ಮ, ನನ್ನ ಅಪ್ಪ, ಅಂಗಡಿ ಮುಚ್ಚಿಸಲು ಹಟ ಹಿಡಿದಿದ್ದ.

"ಬೂಟೊಳಗೆ ಏನಾದ್ರೂ ಇದ್ದು, ನಿಂಗೆ ಗೊತ್ತಾಗದೆ ಹೊಸ್ತಿಲು ದಾಟಿದ್ಯೋ, ಅವತ್ತೇ ಅಂಗಡಿ ಬಂದ್."

"ಆಗ್ಲಿ ಕಣೋ. ದಾಟೋ ತನಕ ಬಾಯಿ ಮುಚ್ಕೊಂಡಿರು."

ಆ ಬೆಳಿಗ್ಗೆ ಅತ್ತೆ ಬಚ್ಚಲಲ್ಲಿದ್ದಾಗ, ಅಪ್ಪ ಅವಳ ಎಡಬೂಟಿನೊಳಗಿನ ಮೆತ್ತೆ ಎತ್ತಿ, ಅದರಡಿಗೆ ಸೂಟ್‌ಕೇಸ್ ಜಿಪ್ಪನ್ನು ಎಳೆಯುವ ದಪ್ಪ ಲೋಹದ ರನ್ನರ್ ಇಟ್ಟಿದ್ದನ್ನು ನೋಡಿದೆ. ಕುಟ್ಟಿದರೆ ಬೀಳದು, ಟಾರ್ಚ್ ಬಿಟ್ಟರೆ ಕಾಣದು.

ಅತ್ತೆ ಬಂದು ಕುಟ್ಟಿದಳು, ನೋಡಿದಳು, ಕಾಲು ತೂರಿಸಿದಳು. ಅಪ್ಪ ಗೋಡೆಗೊರಗಿ ಹಲ್ಲು ಕಿರಿಯುತ್ತಿದ್ದ. ಬೂಟಿನ ಪಟ್ಟಿ ಎಳೆಯುತ್ತಾ ಅವಳು ತುಸು ತಡೆದಳು. ನಾನು ಬಾಯಿ ಬಿಟ್ಟೇಬಿಟ್ಟೆ.

"ಅತ್ತೆ, ಎಡಗಾಲು... ಮೆತ್ತೆ ಕೆಳಗೆ..."

ಅವಳು ನನ್ನನ್ನು ಸುಟ್ಟುಬಿಡುವಂತೆ ನೋಡಿದಳು. ಬೂಟು ಕಿತ್ತು, ಮೆತ್ತೆ ಎತ್ತಿ, ರನ್ನರನ್ನು ನೆಲಕ್ಕೆಸೆದಳು.

"ಮೂದೇವಿ! ದಿನಾ ಮೂರನೇ ತೂತಿಗೆ ಬರೋ ಪಟ್ಟಿ ಇವತ್ತು ಎರಡಕ್ಕೇ ನಿಂತಿದೆ. ನಂಗೆ ಕಣ್ಣಿಲ್ವೇನೇ? ಬಿಚ್ಚೋಕೇ ಹೊರಟಿದ್ದೆ."

"ಈಗ ಹೇಳೋಕೇನು!" ಅಪ್ಪ ಗೋಡೆಯ ಮೊಳೆಯಿಂದ ಅಂಗಡಿಯ ಕೀಲಿ ಎಗರಿಸಿಕೊಂಡ. "ಹೇಳ್ಕೊಡೋಕೆ ಒಬ್ಳು ಬೇಕಾಯ್ತಲ್ಲ. ನೀನು ಸೋತೆ."

"ಕೀಲಿ ಕೊಡೋ."

"ಬೀದೀಲಿ ಬಿದ್ರೆ ಜನ ಉಗಿಯೋದು ನನ್ನ ಮುಖಕ್ಕೆ, ಅಕ್ಕ."

"ಒರೆಸ್ಕೋ. ನಿನ್ನ ಮುಖಕ್ಕೆ ಅಷ್ಟು ಕೆಲಸವಾದ್ರೂ ಸಿಗ್ಲಿ."

ಅವರು ಬೈದಾಡುತ್ತಲೇ ಇದ್ದರು. ನನ್ನ ಕಡೆ ಯಾರೂ ನೋಡುತ್ತಿರಲಿಲ್ಲ. ಅದು ನನಗೆ ಅಭ್ಯಾಸ. ನೆಲದ ಮೇಲಿದ್ದ ರನ್ನರ್ ಎತ್ತಿಕೊಂಡೆ. ಬಾಗಿಲ ಬಳಿ ಅಪ್ಪನ ಶೂ ಇದ್ದವು. ಎಡಗಾಲಿನದ್ದರೊಳಗೆ ಹಾಕಿ, ಪೊರಕೆ ಹಿಡಿದು ಪಕ್ಕಕ್ಕೆ ಸರಿದೆ.

ಅಪ್ಪ ಅತ್ತೆಯ ಮುಖ ನೋಡುತ್ತಲೇ, "ಇನ್ಮೇಲೆ ಮನೇಲಿ ಬಿದ್ಕೊಂಡಿರು" ಎನ್ನುತ್ತಾ ಶೂಗೆ ಕಾಲು ತುರುಕಿ ಭಾರ ಬಿಟ್ಟ.

"ಅಯ್ಯಮ್ಮಾ!"

ಒಂಟಿ ಕಾಲಲ್ಲಿ ಕುಣಿದ. ಕೀಲಿ ಕೈಜಾರಿತು. ಅವನು ಬಗ್ಗುವಷ್ಟರಲ್ಲಿ ಅತ್ತೆಯ ಕೋಲಿನ ತುದಿ ಅದನ್ನು ಒತ್ತಿ ಹಿಡಿದಿತ್ತು.

"ನೋಡ್ದೆ ಹಾಕ್ಕೊಂಡೋರು ಯಾರೋ?" ಅತ್ತೆ ಕೇಳಿದಳು. "ನಿನ್ನ ಲೆಕ್ಕದಲ್ಲಿ ಈಗ ಯಾವ ಅಂಗಡಿ ಬಂದ್ ಆಗ್ಬೇಕು?"

"ಯಾರೇ ಇದನ್ನ ಹಾಕಿದ್ದು?" ಅಪ್ಪ ನನ್ನತ್ತ ತಿರುಗಿ ಕೈಯೆತ್ತಿದ. ಅತ್ತೆ ಕೋಲನ್ನು ಅಡ್ಡ ಹಿಡಿದಳು. ಕೈ ಕೆಳಗಿಳಿಯಿತು.

ಅತ್ತೆ ಕುಳಿತಲ್ಲಿಂದಲೇ ಕೀಲಿಯನ್ನು ಹತ್ತಿರಕ್ಕೆಳೆದುಕೊಂಡು ಸೆರಗಿಗೆ ಗಂಟು ಹಾಕಿದಳು. ಬೂಟು ಮತ್ತೆ ಕುಟ್ಟಿ, ಮೆತ್ತೆ ಎತ್ತಿ ನೋಡಿ, ಹಾಕಿಕೊಂಡಳು. ಪಟ್ಟಿ ಮೂರನೇ ತೂತಿಗೆ ಬಂತು.

ನಾನೂ ಚಪ್ಪಲಿ ಮೆಟ್ಟಿದೆ.

"ನೀನೆಲ್ಲಿಗೆ?" ಎಂದಳು ತಿರುಗದೆ. "ನಾನು ಆ ತಿರುವು ದಾಟಿದ್ಮೇಲೆ ಬಾ. ದಾರೀಲಿ ಬಿದ್ರೂ ಎತ್ತೋಕೆ ಬರ್ಬೇಡ. ನಾನು ಕರೆದ್ರೆ ಮಾತ್ರ."

ಕೋಲೂರಿ, ಪ್ರತಿ ಹೆಜ್ಜೆಯನ್ನೂ ಕಣ್ಣಿಂದ ನೆಲಕ್ಕಿಳಿಸುತ್ತಾ ನಡೆದಳು. ಹಿಂದೆ ಅಪ್ಪ ಬೈಯುತ್ತಲೇ ಇದ್ದ. ನಾನು ಹೊಸ್ತಿಲಲ್ಲೇ ನಿಂತು, ಅವಳು ತಿರುವು ದಾಟುವುದನ್ನೇ ಕಾದೆ.