ಮೊದಲ ಕೂಗಿಗೆ

ಮಡಿಲಿನಲ್ಲಿದ್ದ ಪೆಟ್ಟಿಗೆ "ಮಾದಕ್ಕಾ" ಎಂದು ಕರೆಯಿತು.

ಮಾದಮ್ಮನಿಗೆ ಚೆನ್ನಾಗಿಯೇ ಕೇಳಿಸಿತು. ಜೊತೆಗೆ ಹೂವು ಕೀಳುವ ಕೋಮಲಳ ದನಿ ಎಂಬುದೂ ಗೊತ್ತಾಯಿತು, ಆ ಹುಡುಗಿಗೆ ನೆಗಡಿಯಾಗಿ ಮೂಗು ಕಟ್ಟಿದೆ ಎಂಬುದೂ ಗೊತ್ತಾಯಿತು. ಆದರೂ ಬಾಯಿ ಬಿಡಲಿಲ್ಲ. ಸೇವಂತಿಗೆ ಗಿಡದ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತವಳು ಕಿತ್ತ ಹೂವನ್ನು ಬೆರಳಲ್ಲೇ ಹಿಡಿದು ಕಾದಳು. ಸುತ್ತ ಮಾಗಿಯ ಮಂಜು. ಅದು ಕಪಿಲೆಯ ಮೇಲಿಂದ ಎದ್ದು ಬಂದು, ಕಬ್ಬಿನ ಗದ್ದೆಯನ್ನು ನುಂಗಿ, ಈಗ ತೋಟದಲ್ಲಿ ಎರಡು ಮಾರಿನಾಚೆ ಲೋಕವೇ ಇಲ್ಲದಂತೆ ಮಾಡಿಬಿಟ್ಟಿತ್ತು. ಹಳದಿ ಹೂಗಳು ಮಾತ್ರ ಗಿಡವಿಲ್ಲದೆಯೇ ಅಲ್ಲಲ್ಲಿ ನಿಂತಂತೆ ಕಾಣುತ್ತಿದ್ದವು.

ಇನ್ನೆರಡು ಸಲ ಕರೆಯಲಿ, ಓಗೊಡುತ್ತೇನೆ ಎಂದುಕೊಂಡಳು. ಪೆಟ್ಟಿಗೆ ಮತ್ತೆ ಕರೆಯಲಿಲ್ಲ.

ಆಳು ಕಾಣದೆ ದನಿ ಮಾತ್ರ ಬಂದರೆ ಮೊದಲ ಕೂಗಿಗೆ ಓಗೊಡಬಾರದು. ಮನುಷ್ಯರಾದರೆ ಮೂರು ಸಲ ಕರೆಯುತ್ತಾರೆ. ಆಚೆಯವರಿಗೆ ಒಂದೇ ಕೂಗಿಗೆ ಅಪ್ಪಣೆ. ಅದೂ ನಮಗೆ ಬೇಕಾದವರ ದನಿಯನ್ನೇ ಉಟ್ಟುಕೊಂಡು ಬರುತ್ತಾರೆ. ಊ ಎಂದೆಯೋ, ಹಿಂದೆಯೇ ಹೋಗಬೇಕು. ಇದನ್ನು ಮಾದಮ್ಮನಿಗೆ ಅವಳ ಅಜ್ಜಿ ಕಲಿಸಿದ್ದಳು, ಮುದ್ದೆ ತೊಳಸುವುದನ್ನು ಕಲಿಸಿದ ವಯಸ್ಸಿನಲ್ಲೇ. ಎರಡನ್ನೂ ಅವಳು ಮರೆತಿರಲಿಲ್ಲ.

ಮಂಜಿನೊಳಗಿಂದ ಧಡಧಡನೆ ಹೆಜ್ಜೆ ಕೇಳಿಸಿತು. ಮಗ ಪ್ರೇಮ್‌ಕುಮಾರ್ ಬದುವಿನ ಮೇಲಿಂದ ಓಡಿಬಂದು ಏದುಸಿರು ಬಿಡುತ್ತ ನಿಂತ.

"ಯಾಕವ್ವ ಮಾತಾಡ್ನಿಲ್ಲ? ನನ್ ಜೀವ ಓಗಿ ಬಂತು."

"ಕರುದ್ರಾ?" ಎಂದಳು ಮಾದಮ್ಮ, ಹೂವನ್ನು ನೋಡುತ್ತ.

ಅವನು ಅವಳ ಮಡಿಲಿನ ವಾಕಿಟಾಕಿ ಸೆಟ್ಟನ್ನು ಎತ್ತಿ, ತಿರುಗಿಸಿ, ಕಿವಿಯ ಬಳಿ ಅಲ್ಲಾಡಿಸಿ ನೋಡಿದ. "ಇದೂ ಸರಿ ಇಲ್ಲ" ಎಂದ.

ಈ ಸೆಟ್ಟುಗಳ ಉಸಾಬರಿ ಶುರುವಾಗಿದ್ದು ಚಿರತೆಯಿಂದ. ಮಹಾದೇವಸ್ವಾಮಿಯವರ ಹೊಳೆಯಂಚಿನ ತೋಟವನ್ನು ಮಹಿಳಾ ಸಂಘದ ಏಳು ಹೆಂಗಸರು ಗುತ್ತಿಗೆಗೆ ಹಿಡಿದು ಸೇವಂತಿಗೆ ಹಾಕಿದ್ದರು. ನಂಜನಗೂಡಿಗೆ ಹೋಗುವ ಮೊದಲ ಬಸ್ಸಿಗೆ ಹೂವು ಏರಬೇಕಾದರೆ ಬೆಳಕು ಹರಿಯುವ ಮುಂಚೆಯೇ ಕುಯ್ಲು. ಪಕ್ಕದ ಕಬ್ಬಿನ ಗದ್ದೆಯಲ್ಲಿ ಕರುವೊಂದು ಅರ್ಧ ಸಿಕ್ಕಿದ ಮೇಲೆ ಮನೆಮನೆಯಲ್ಲೂ ಹೆಂಗಸರನ್ನು ತಡೆದರು. ಆ ತಗ್ಗಿನಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ. ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೆಲಸ ಮಾಡುವ ಪ್ರೇಮ್‌ಕುಮಾರ್ ಮುಂದೆ ಬಂದು, ಪ್ರತಿಯೊಬ್ಬರಿಗೂ ಒಂದೊಂದು ವಾಕಿಟಾಕಿ ಕೊಡಿಸೋಣ, ಆಗಾಗ ಒಬ್ಬರನ್ನೊಬ್ಬರು ಕರೆಯಲಿ, ಓಗೊಡದವರನ್ನು ಉಳಿದವರು ಓಡಿಹೋಗಿ ನೋಡಲಿ ಎಂದ. ಮನೆಯವರು ಒಪ್ಪಿದರು.

ಮೊದಲು ಅವನು ತಂದದ್ದು ಮದುವೆ ವಿಡಿಯೋ ತೆಗೆಯುವ ಗೆಳೆಯನ ಹಳೆಯ ಸೆಟ್ಟುಗಳು. ಅವು ಎರಡೇ ದಿನ ಬಾಳಿದವು. ಕೋಮಲ ಒಂದು ಬೆಳಗ್ಗೆ ಉಲ್ಲಾಸದಲ್ಲಿ, ತನ್ನ ಅತ್ತೆ ಚಲುವಮ್ಮ ಗೊರಕೆ ಹೊಡೆದರೆ ಅಕ್ಕಿ ಮಿಲ್ಲು ಓಡಿದ ಹಾಗಿರುತ್ತದೆ, ತೌಡು ಬರುವುದೊಂದು ಬಾಕಿ ಎಂದಳು. ಎಲ್ಲರೂ ನಕ್ಕರು. ಹೊಳೆಯಾಚೆಯ ಕಲ್ಯಾಣಮಂಟಪದಲ್ಲಿ ಕಾರು ನಿಲ್ಲಿಸಲು ಜಾಗ ತೋರಿಸುತ್ತಿದ್ದವರ ಬಳಿಯೂ ಅಂಥದೇ ಸೆಟ್ಟಿತ್ತು, ಅವರೂ ನಕ್ಕರು. ಅವರಲ್ಲೊಬ್ಬ ಚಲುವಮ್ಮನ ತಮ್ಮನಿಗೆ ಬೀಗ. ಮಧ್ಯಾಹ್ನದ ಊಟದ ಹೊತ್ತಿಗೆ ಅಕ್ಕಿ ಮಿಲ್ಲು ಕೋಮಲಳ ಮನೆ ತಲುಪಿತ್ತು. ಚಲುವಮ್ಮ ಮಾತಾಡಲಿಲ್ಲ, ಬೈಯಲಿಲ್ಲ, ರಾತ್ರಿಯೆಲ್ಲ ನಿದ್ದೆಯನ್ನೇ ಮಾಡದೆ ಗೋಡೆಗೆ ಒರಗಿ ಕುಳಿತುಬಿಟ್ಟಳು. ಕೋಮಲ ಕಾಲು ಹಿಡಿದ ಮೇಲೆಯೇ ಮಲಗಿದ್ದು.

ಆಮೇಲೆ ಬಂದವು ತಿರುಮಕೂಡಲಿನ ಅಮೃತೇಶನ ಅಂಗಡಿಯ ಡಿಜಿಟಲ್ ಸೆಟ್ಟುಗಳು. ಲೈಸೆನ್ಸು ಬೇಕಿಲ್ಲ, ಮಾತು ಹೊರಗೆ ಹೋಗುವುದಿಲ್ಲ, ಸರಿಹೋಗದಿದ್ದರೆ ಬದಲಾಯಿಸಿ ಕೊಡುತ್ತೇನೆ ಎಂದಿದ್ದ. ಪ್ರೇಮ್‌ಕುಮಾರ್ ಹೆಂಗಸರನ್ನು ಸಾಲಾಗಿ ಕೂರಿಸಿ ಕ್ರಮ ಹೇಳಿಕೊಟ್ಟ. ಒಂದು ಸಲ ಕರೆದು ಬಟನ್ ಬಿಡಬೇಕು. ಮೇಲಿಂದ ಮೇಲೆ ಕರೆಯಬಾರದು, ದಾರಿ ಕಟ್ಟುತ್ತದೆ. ಒಂದೇ ಸಲ, ನೆನಪಿರಲಿ.

ಆ ಒಂದೇ ಸಲದಲ್ಲಿ ಮಾದಮ್ಮ ಸಿಕ್ಕಿಕೊಂಡಳು. ಉಳಿದ ಆರೂ ಜನ ಎಳೆಯ ಸೊಸೆಯಂದಿರು, ಕರೆದ ಕೂಡಲೇ ಹಕ್ಕಿಗಳಂತೆ ಉಲಿಯುತ್ತಿದ್ದರು. ಇವಳದು ಮಾತ್ರ ಮೌನ. ಮಗ ಸೆಟ್ಟು ಬದಲಿಸಿದ, ಕೋಮಲಳದನ್ನು ಇವಳಿಗೆ ಕೊಟ್ಟ, ಇವಳದನ್ನು ಕೋಮಲಳಿಗೆ ಕೊಟ್ಟ. ಕೋಮಲ ಹಿಡಿದ ಸೆಟ್ಟೆಲ್ಲ ಮಾತಾಡುತ್ತಿತ್ತು, ಇವಳು ಹಿಡಿದದ್ದೆಲ್ಲ ಮೂಗಾಗುತ್ತಿತ್ತು.

ಇದ್ದುದನ್ನು ಹೇಳಬಹುದಿತ್ತು. ಆದರೆ ಹೇಗೆ ಹೇಳುವುದು? ಎರಡು ವರ್ಷದ ಹಿಂದೆ ಬಿಳಿ ಸೀರೆ ಉಟ್ಟು, ಮಗನ ಪಕ್ಕದಲ್ಲಿ ನಿಂತು ಬುದ್ಧನಿಗೆ ಶರಣು ಹೋದವಳು ಅವಳು. ದೆವ್ವ, ಗಾಳಿ, ಪೀಡೆ ಎಂಬ ಮಾತು ಇನ್ನು ನಮ್ಮ ಬೀದಿಯಲ್ಲಿಲ್ಲ ಎಂದು ಮಗ ಮೈಕಿನಲ್ಲಿ ಹೇಳಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳೂ ಅವಳೇ. ಮನಸ್ಸೊಪ್ಪಿಯೇ ತಟ್ಟಿದ್ದಳು. ಆ ಹೆಸರುಗಳನ್ನು ಹೇಳಿ ಊರು ತಮ್ಮನ್ನು ಎಷ್ಟು ಹೆದರಿಸಿತ್ತೆಂದು ಅವಳಿಗೆ ಗೊತ್ತಿಲ್ಲವೇ. ಮನಸ್ಸು ದೀಕ್ಷೆ ತೆಗೆದುಕೊಂಡಿತ್ತು. ನಾಲಿಗೆ ಮಾತ್ರ ಅಂದು ಎಲ್ಲೋ ಹೊರಗೆ ನಿಂತಿತ್ತೆಂದು ಕಾಣುತ್ತದೆ. ಹಾಸ್ಟೆಲಿನಲ್ಲಿ ಬೆಳೆದ ಮಗನಿಗೆ ಈ ನಾಲಿಗೆಯ ಗುಟ್ಟು ತಿಳಿಯದು.

ಇನ್ನೊಂದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಗಂಡ ಚಿಕ್ಕಮಾದು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮಂಜು ಬಿದ್ದ ಬೆಳಗುಗಳಲ್ಲಿ ಎಂದಾದರೊಮ್ಮೆ ಹೊಳೆಯ ಕಡೆಯಿಂದ "ಮಾದೀ" ಎಂದು ಅವನ ಕೂಗು ಬರುತ್ತಿತ್ತು. ಬದುಕಿದ್ದಾಗ ಮೂರು ಸಲ ಕೂಗುತ್ತಿದ್ದ, ಮೂರನೆಯದಕ್ಕೆ ಸಿಟ್ಟು ಸೇರಿರುತ್ತಿತ್ತು. ಈಗ ಒಂದೇ ಸಲ, ಸಿಟ್ಟಿಲ್ಲದೆ. ಅವಳು ಓಗೊಡುತ್ತಿರಲಿಲ್ಲ. ಕೈ ನಿಲ್ಲಿಸಿ, ಆ ದನಿ ಮಂಜಿನಲ್ಲಿ ಪೂರ್ತಿ ಕರಗುವವರೆಗೆ ಕೇಳಿಸಿಕೊಂಡು, ಮುಂದಿನ ಹೂವಿಗೆ ಕೈ ಹಾಕುತ್ತಿದ್ದಳು. ಅಂದು ದಿನವಿಡೀ ಅವಳಿಗೆ ಮೈ ಹಗುರ. ಅದಕ್ಕಾಗಿಯೇ ಅವಳು ತೋಟಕ್ಕೆ ಬರುತ್ತಿದ್ದಳು ಎಂದರೂ ತಪ್ಪಿಲ್ಲ. ಮನೆಯಲ್ಲಿ ಕುಳಿತರೆ ಆ ಮನುಷ್ಯ ಎಲ್ಲಿಗೆ ಬಂದು ಕೂಗಬೇಕು, ಟೀವಿ ಧಾರಾವಾಹಿಯ ನಡುವೆಯೇ?

ಆದರೆ ಮನೆಯಲ್ಲಿ ಕೂರುವ ಕಾಲ ಹತ್ತಿರ ಬರುತ್ತಿತ್ತು. "ಸೆಟ್ಟು ಸರಿಯಾಗಿದ್ರೆ ನಿನ್ ಕಿವಿ ಸರಿ ಇಲ್ಲ" ಎಂದ ಮಗ, ರಜೆ ಹಾಕಿ ಅವಳನ್ನು ನಂಜನಗೂಡಿನ ಕಿವಿ ಡಾಕ್ಟರ ಬಳಿಗೆ ಕರೆದುಕೊಂಡು ಹೋದ. ಅಲ್ಲಿ ಕಿವಿಗೆ ಏನೋ ತೊಡಿಸಿ, ಶಬ್ದ ಬಂದಾಗ ಗುಂಡಿ ಒತ್ತಬೇಕೆಂದರು. ಸೊಳ್ಳೆಯ ಹಾಗೆ ಗುಂಯ್‌ಗುಟ್ಟಿದ ಶಬ್ದಕ್ಕೂ ಮಾದಮ್ಮ ಒತ್ತಿದಳು. ಅದು ಹೆಸರು ಹಿಡಿದು ಕರೆಯಲಿಲ್ಲವಲ್ಲ, ಭಯವೇಕೆ.

"ನಿಮ್ಮ ತಾಯಿಗೆ ನಿಮಗಿಂತ ಚೆನ್ನಾಗಿ ಕೇಳಿಸುತ್ತೆ" ಎಂದರು ಡಾಕ್ಟರು.

ಪ್ರೇಮ್‌ಕುಮಾರ್ ಅಲ್ಲಿಂದ ನೇರ ತಿರುಮಕೂಡಲಿನ ಬಸ್ಸು ಹತ್ತಿಸಿದ. ಕಿಟಕಿಯ ಪಕ್ಕ ಕುಳಿತ ಮಾದಮ್ಮ ಕೊಯ್ಲಾದ ಗದ್ದೆಗಳನ್ನು ನೋಡುತ್ತ ಹೋದಳು. ಮಗನ ಮುಖ ಗಂಟಿಕ್ಕಿತ್ತು. ಅವನಿಗೆ ಸಿಟ್ಟಲ್ಲ, ಹೆದರಿಕೆ; ಅಪ್ಪನನ್ನು ಕಳೆದುಕೊಂಡವನು, ಅವ್ವನನ್ನು ಬಿಗಿಯಾಗಿ ಹಿಡಿದಿದ್ದ.

ಅಮೃತೇಶನದು ಸೋಲಾರ್ ಬೇಲಿ, ಸಿಸಿ ಕ್ಯಾಮೆರಾ ಮಾರುವ ಅಂಗಡಿ. ಅವನು ನಾಲ್ಕಾರು ಬಗೆಯ ಸೆಟ್ಟುಗಳನ್ನು ಮೇಜಿನ ಮೇಲೆ ಹರಡಿದ.

"ಇನ್ನೂ ದೂರ ಓಗೋದು ಕೊಡಿ" ಎಂದ ಪ್ರೇಮ್‌ಕುಮಾರ್.

"ಅದಕ್ಕೆ ಲೈಸೆನ್ಸ್ ಬೇಕು ಸಾ. ಲೈಸೆನ್ಸ್ ಇಲ್ದಿರೋದಕ್ಕೆ ಇಷ್ಟೇ ಪವರು ಅಂತ ಸರ್ಕಾರದೋರೇ ಮಾಡವ್ರೆ. ನಿಮ್ ತೋಟಕ್ಕೆ ಇದೇ ಎಚ್ಚು."

"ಮತ್ತೆ ನಮ್ಮವ್ವಂಗೆ ಯಾಕೆ ಬರ್ತಿಲ್ಲ?"

"ನಾನ್ ಎಂಗೇಳ್ಲಿ ಸಾ."

ಮಾದಮ್ಮ ಒಂದೊಂದನ್ನೇ ಎತ್ತಿ ನೋಡಿದಳು. ಒಂದು ಸೆರಗನ್ನೇ ಎಳೆಯುವಷ್ಟು ಭಾರ. ಒಂದರ ಗುಂಡಿಗಳು ಸಾಸಿವೆಯಷ್ಟು ಚಿಕ್ಕವು, ಹೂವಿನ ಅಂಟು ಹತ್ತಿದ ಬೆರಳಿಗೆ ಆಗದು. ಆಗಲೇ ಕಾರ್ಖಾನೆಯಿಂದ ಫೋನು ಬಂದು ಮಗ ಬೀದಿಗೆ ಇಳಿದ. ಮಾದಮ್ಮ ಮೇಜಿನ ಹತ್ತಿರಕ್ಕೆ ಸರಿದು ದನಿ ತಗ್ಗಿಸಿದಳು.

"ಲೋ ಮಗ, ಇದ್ರೊಳಗೆ ಬ್ಯಾರೆಯೋರು ಬಂದು ಕರೀಬೌದಾ?"

"ಆಗಲ್ಲ ಕಣವ್ವ. ಏಳಕ್ಕೂ ಒಂದೇ ಕೋಡು ಆಕಿದ್ದೀನಿ. ನಿಮ್ ಏಳ್ ಜನ ಬುಟ್ರೆ ಇನ್ಯಾರ ದನೀನೂ ಒಳೀಕ್ ಬರಲ್ಲ."

"ನಮ್ಮೋರ ದನೀಲೇ ಬ್ಯಾರೆ ಯಾರಾರ?"

"ಯಾರೂ ಬರಕ್ಕಾಗಲ್ಲ."

ಅವಳು ಬಾಗಿಲ ಕಡೆ ನೋಡಿಕೊಂಡು ಕೇಳಿಯೇಬಿಟ್ಟಳು. "ಸತ್ತೋರು?"

ಅಮೃತೇಶ ಅವಳ ಮುಖ ನೋಡಿದ. ನಗಲಿಲ್ಲ. ನಿಜವಾಗಿಯೇ ಯೋಚಿಸಿದ. "ಸತ್ತೋರ್ ತವ ನಮ್ ಸೆಟ್ಟು ಇರಲ್ವಲ್ಲವ್ವ" ಎಂದ.

ಅದು ಸರಿಯಾದ ಮಾತು ಎನ್ನಿಸಿತು ಮಾದಮ್ಮನಿಗೆ. ಇಷ್ಟು ದಿನ ಇದನ್ನು ಯಾರೂ ಅವಳಿಗೆ ಬಿಡಿಸಿ ಹೇಳಿರಲಿಲ್ಲ. ಮಗ ಒಳಗೆ ಬಂದಾಗ ಅವಳು ತನ್ನ ಹಳೆಯ ಸೆಟ್ಟನ್ನೇ ಕೈಯಲ್ಲಿ ಹಿಡಿದು ನಿಂತಿದ್ದಳು.

"ಇದೇ ಇರ್ಲಿ ಬುಡು ಮಗ."

"ನಾಳೆ ಒಂದ್ ದಿವ್ಸ ನೋಡ್ತೀನಿ ಕಣವ್ವ" ಎಂದ ಪ್ರೇಮ್‌ಕುಮಾರ್. "ನಾಳೇನೂ ಮಾತು ಬರ್ನಿಲ್ಲ ಅಂದ್ರೆ ಬ್ಯಾಡ. ಇಷ್ಟ್ ವರ್ಸ ದುಡ್ದಿದ್ದು ಸಾಕು, ಮನೇಲಿರು."

ಮರುದಿನ ಅವನು ಬದುವಿನ ಮೇಲೆ ನಿಂತ. ಮಂಜಿನಲ್ಲಿ ಅವನ ಕಾಲು ಕಾಣುತ್ತಿರಲಿಲ್ಲ, ತಲೆಯೊಂದು ಕಾಣುತ್ತಿತ್ತು. ಮಾದಮ್ಮ ತನ್ನ ಸಾಲಿನಲ್ಲಿ ಕುಳಿತಳು. ಸೆಟ್ಟು ಮಡಿಲಲ್ಲಿ ಬೆಚ್ಚಗಿತ್ತು. ಅದು ಟಿಕ್ ಎಂದಿತು, ಆಮೇಲೆ "ಮಾದಕ್ಕಾ" ಎಂದಿತು.

ಅಜ್ಜಿ ಅಡ್ಡ ನಿಂತಳು. ಸತ್ತವರ ಬಳಿ ಸೆಟ್ಟಿಲ್ಲ, ಸೆಟ್ಟಿಲ್ಲ ಎಂದು ಮನಸ್ಸಿನಲ್ಲೇ ಹೇಳಿಕೊಂಡು, ಕಣ್ಣು ಮುಚ್ಚಿ ಗುಂಡಿ ಒತ್ತಿದಳು.

"ಊ ಕಣವ್ವ. ಇವ್ನಿ."

ಏಳು ಪೆಟ್ಟಿಗೆಗಳೂ ಒಟ್ಟಿಗೆ ನಕ್ಕ ಹಾಗಾಯಿತು. ಬದುವಿನ ಮೇಲಿಂದ, ಸೆಟ್ಟಿಲ್ಲದೆ ಬಾಯಿಂದಲೇ, "ಸರಿ ಕಣವ್ವ" ಎಂದು ಮಗ ಕೂಗಿದ. ದನಿ ಒಡೆದಿತ್ತು. ಕಾರ್ಖಾನೆಗೆ ಹೊತ್ತಾಯಿತೆಂದು ತಿರುಗಿ ನಡೆದ.

ಒಮ್ಮೆ ದಾರಿ ಬಿಟ್ಟ ನಾಲಿಗೆ ಆಮೇಲೆ ತಡೆಯಲಿಲ್ಲ. ಪೆಟ್ಟಿಗೆ ಕರೆಯುವುದು, ಇವಳು ಊ ಎನ್ನುವುದು. ಒಂದು ವಾರದಲ್ಲಿ ಅದು ಉಸಿರಾಡಿದಷ್ಟು ಸಲೀಸಾಯಿತು. ಚಲುವಮ್ಮನ ಗೊರಕೆಯ ಮುಂದಿನ ಸಮಾಚಾರಗಳೂ ಹೊರಗೆ ಸೋರದೆ ಏಳು ಜನರಲ್ಲೇ ಓಡಾಡಿದವು. ಚಿರತೆ ಕಾಲುವೆಯಾಚೆ ಹೋಯಿತೆಂದು ಸುದ್ದಿಯಾಯಿತು.

ಸಂಕ್ರಾಂತಿಯ ಹಿಂದಿನ ದಿನ ಹೂವಿಗೆ ಬೇಡಿಕೆ ಬಹಳ. ಮಾದಮ್ಮನಿಗೆ ಹೊಳೆಯ ಪಕ್ಕದ ಕಡೆಯ ಸಾಲು ಬಂದಿತ್ತು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಕಿತ್ತ ಹೂವು ಕುಕ್ಕೆಗೆ ಬಿದ್ದ ಸದ್ದೂ ದೂರದಿಂದ ಬಂದಂತಿತ್ತು. ಅವಳ ಹೆಬ್ಬೆರಳು ತಾನಾಗಿಯೇ ಸೆಟ್ಟಿನ ಗುಂಡಿಯ ಮೇಲೆ ಕುಳಿತಿತ್ತು. ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಸ್ಥಿತಿಯಲ್ಲಿ ಒಂದು ಕೈ ಹೂವು ಕೀಳುತ್ತಿತ್ತು.

"ಮಾದೀ."

"ಊ" ಎಂದಳು.

ಎಂದ ಮೇಲೆ ಗೊತ್ತಾಯಿತು. ಪೆಟ್ಟಿಗೆ ಟಿಕ್ ಎಂದಿರಲಿಲ್ಲ. ಕೋಮಲ ಮಾದಕ್ಕ ಎನ್ನುತ್ತಾಳೆ, ಮಗ ಅವ್ವ ಎನ್ನುತ್ತಾನೆ. ಮಾದೀ ಎನ್ನುವವನು ಒಬ್ಬನೇ. ನಾಲ್ಕು ವರ್ಷ ಹಲ್ಲು ಕಚ್ಚಿ ಕಾಯ್ದುಕೊಂಡದ್ದು ಒಂದಕ್ಷರದಲ್ಲಿ ಹೋಗಿತ್ತು. ಇನ್ನೇನು ಎಂದು ಕಾದಳು. ಹಿಂದೆಯೇ ಹೋಗಬೇಕಲ್ಲ, ಯಾವ ಕಡೆ ಏಳಬೇಕು, ಕುಕ್ಕೆಯನ್ನು ಏನು ಮಾಡಬೇಕು?

ಏನೂ ಆಗಲಿಲ್ಲ. ಮಂಜು ಇದ್ದಲ್ಲೇ ಇತ್ತು. ಆಚೆಯ ಮೌನ ಮಾತ್ರ ಬೇರೆಯಾಗಿತ್ತು, ಖಾಲಿ ಇರಲಿಲ್ಲ. ಅವನಿಗೂ ಗಾಬರಿಯಾಗಿದೆ ಎಂದು ಅವಳಿಗೆ ತಟ್ಟನೆ ಅನ್ನಿಸಿತು. ನಾಲ್ಕು ವರ್ಷ ಕೂಗಿ ಕೂಗಿ ಸಿಗದ ಊ ಎಂಬ ಮಾತು ಇವತ್ತು ಸಿಕ್ಕರೆ ಯಾರಾದರೂ ಕಕ್ಕಾಬಿಕ್ಕಿಯಾಗುತ್ತಾರೆ. ಮುಂದಿನ ಮಾತು ಅವನಿಗೂ ತೋಚಿರಲಿಕ್ಕಿಲ್ಲ. ಪಾಪ, ಮೊದಲಿಂದಲೂ ಮಾತು ಕಮ್ಮಿ.

ಅವಳ ಕಣ್ಣು ತುಂಬಿತು. ಹೆದರಿಕೆ ಎಲ್ಲಿ ಹೋಯಿತೋ ತಿಳಿಯಲಿಲ್ಲ.

"ಈ ಸಾಲು ಮುಗಿಸ್‌ಬುಟ್ಟು ಬತ್ತೀನಿ" ಎಂದಳು ಮೆಲ್ಲಗೆ. "ಕುಂತಿರು."

ಪೆಟ್ಟಿಗೆ ಟಿಕ್ ಎಂದಿತು. "ಯಾರಿಗೆ ಮಾದಕ್ಕ ಕುಂತಿರು ಅಂದಿದ್ದು?" ಎಂದು ಕೋಮಲ ಕೇಳಿದಳು. ಕುಂತಿರು ಎನ್ನುವಾಗ ಹೆಬ್ಬೆರಳು ಗುಂಡಿಯನ್ನು ಒತ್ತಿತ್ತೆಂದು ಮಾದಮ್ಮನಿಗೆ ಆಗ ತಿಳಿಯಿತು.

"ನಿಂಗಲ್ಲ ಕಣೆ. ನೀ ಊವು ಕೀಳು."

ತಲೆಯೆತ್ತಿ ತನ್ನ ಸಾಲನ್ನು ನೋಡಿದಳು. ನಾಲ್ಕು ಗಿಡ ಕಂಡವು, ಅದರಾಚೆ ನಾಲ್ಕಾರು ಹೂವು, ಅದರಾಚೆ ಬರೀ ಬಿಳುಪು. ಸಾಲಿನ ಕೊನೆ ಕಾಣುತ್ತಿರಲಿಲ್ಲ. ಮಾದಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಕುಕ್ಕೆಯನ್ನು ಮುಂದಕ್ಕೆ ಸರಿಸಿ, ಅವಸರವಿಲ್ಲದೆ ಮುಂದಿನ ಗಿಡಕ್ಕೆ ಬಾಗಿದಳು.